ಸಂಬಳ 52,000, ಕಂತು ನಾಲ್ಕು, ತಾರೀಖು ನಾಲ್ಕು: ಸಾಲ ಬಿಡಿಸಿಕೊಳ್ಳುವ ಪೂರ್ತಿ ಲೆಕ್ಕ

ಲೆಕ್ಕದ_ಪುಸ್ತಕ:

ಸಾಲದ ಒತ್ತಡಕ್ಕೆ ಬಿಡಿ ಸಲಹೆ ಕೊಡುವ ಬದಲು ಒಂದು ಮಾದರಿ ಮನೆ ಇಟ್ಟುಕೊಂಡು ಕಡೆವರೆಗೂ ಲೆಕ್ಕ ಮಾಡೋಣ. ಓದುವವರು ತಮ್ಮ ಮನೆಯ ಅಂಕಿ ಹಾಕಿಕೊಳ್ಳಲಿ. ತುಮಕೂರೋ ದಾವಣಗೆರೆಯೋ ಅಂದುಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು. ಕೈಗೆ ಬರುವ ಸಂಬಳ 52,000.

ಬಾಡಿಗೆ 11,000
ದಿನಸಿ, ಹಾಲು, ತರಕಾರಿ, ಔಷಧಿ 14,000
ಕರೆಂಟು, ನೀರು, ಗ್ಯಾಸು, ಫೋನು, ಪೆಟ್ರೋಲು 5,500
ಪರ್ಸನಲ್ ಲೋನ್ ಕಂತು 7,280 (ಬಾಕಿ 2,10,000, ಬಡ್ಡಿ ಶೇ. 15, ಇನ್ನೂ 36 ತಿಂಗಳು)
ಬೈಕ್ ಕಂತು 3,150 (ಇನ್ನೂ 9 ತಿಂಗಳು)
ಕ್ರೆಡಿಟ್ ಕಾರ್ಡ್ ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 4,200 (ಬಾಕಿ 84,000)
ಮೊಬೈಲ್ ಆ್ಯಪ್ ಸಾಲ 7,400 (ಇನ್ನೂ 3 ತಿಂಗಳು)

ಕೂಡಿದರೆ 52,530. ತಿಂಗಳಿಗೆ 530 ರೂಪಾಯಿ ಕೊರತೆ. ಇಷ್ಟೇ ಆಗಿದ್ದರೆ ಹೇಗೋ ತೂಗಿಸಬಹುದಿತ್ತು. ಆದರೆ ಈ ಪಟ್ಟಿಯಲ್ಲಿ ಶಾಲೆ ಫೀಸ್ ಇಲ್ಲ, ಹಬ್ಬ ಇಲ್ಲ, ಇನ್ಶೂರೆನ್ಸ್ ಇಲ್ಲ. ಅವನ್ನು ಬೇರೆ ಬರೆಯಿರಿ: ಶಾಲೆ 36,000, ಆರೋಗ್ಯ ವಿಮೆ 18,500, ಟರ್ಮ್ ವಿಮೆ 9,600, ಬೈಕ್ ವಿಮೆ 1,800, ಗೌರಿ ಗಣೇಶದಿಂದ ದೀಪಾವಳಿವರೆಗೆ ಬಟ್ಟೆಬರೆ ಸೇರಿ 15,000, ಮದುವೆ-ಗೃಹಪ್ರವೇಶಗಳ ಮುಯ್ಯಿ ಮತ್ತು ಓಡಾಟ 8,000. ಒಟ್ಟು 88,900. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,408.

ಕಾರ್ಡ್ ಮೇಲೆ 84,000 ಬೆಳೆದದ್ದು ಎಲ್ಲಿಂದ ಅಂತ ಈಗ ಗೊತ್ತಾಗುತ್ತೆ. ಮನೆಯವರು ದುಂದು ಮಾಡಿಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚಿಗೆ ತಿಂಗಳ ಲೆಕ್ಕದಲ್ಲಿ ಜಾಗ ಇಟ್ಟಿರಲಿಲ್ಲ, ಅದಷ್ಟೂ ಕಾರ್ಡ್ ಮೇಲೆ ಬಿತ್ತು. ಬೈಕನ್ನು ಮನೆಯಲ್ಲೇ ಬಿಟ್ಟು ಬಸ್ಸು ಹಿಡಿದರೂ, ಕಾಫಿ ಬಿಟ್ಟರೂ ಈ ತೂತು ಮುಚ್ಚಲ್ಲ. ಎಲ್ಲಿಂದ ಶುರು ಮಾಡಬೇಕು, ತಿಳಿದವರು ಹೇಳಿ.

ಪಾಸ್‌ಬುಕ್:

ಮೊದಲು ಕಾರ್ಡ್. ಮಿನಿಮಮ್ ಡ್ಯೂ ಅಂದರೆ ಏನು ಅಂತ ಅಂಕಿಯಲ್ಲೇ ನೋಡಿ. ಬಡ್ಡಿ ತಿಂಗಳಿಗೆ ಶೇ. 3.6 ಅಂದುಕೊಂಡರೆ 84,000ಕ್ಕೆ 3,024. ಅದರ ಮೇಲೆ ಶೇ. 18 ಜಿಎಸ್‌ಟಿ, 544. ಒಟ್ಟು 3,568. ಕಟ್ಟಿದ 4,200ರಲ್ಲಿ ಅಸಲಿಗೆ ಹೋಗೋದು ಬರೀ 632 ರೂಪಾಯಿ. ಕಾರ್ಡನ್ನು ಮತ್ತೆ ಮುಟ್ಟದೆ ತಿಂಗಳು ತಿಂಗಳೂ 4,200 ಕಟ್ಟಿಕೊಂಡು ಹೋದರೂ ತೀರೋಕೆ 46 ತಿಂಗಳು ಬೇಕು, ಒಟ್ಟು 1,91,000 ಆಗುತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪೂರ್ತಿ ಬಿಲ್ ಕಟ್ಟದೆ ಉಳಿಸಿದರೆ ಆ 45-50 ದಿನದ ಬಡ್ಡಿರಹಿತ ಅವಧಿ ಹೋಗಿಬಿಡುತ್ತೆ. ಆಮೇಲೆ ಅದೇ ಕಾರ್ಡಲ್ಲಿ 300 ರೂಪಾಯಿ ಪೆಟ್ರೋಲ್ ಹಾಕಿಸಿದರೂ ಹಾಕಿಸಿದ ದಿನದಿಂದಲೇ ಬಡ್ಡಿ ಓಡುತ್ತೆ. ಬಾಕಿ ಇಟ್ಟುಕೊಂಡಿರುವ ಕಾರ್ಡಲ್ಲಿ ದಿನಸಿ ತರೋದು ಅದಕ್ಕೇ ತಪ್ಪು.

ಮನೆಯಲ್ಲಿ ಒಡವೆ ಇದ್ದರೆ ಆ 84,000ವನ್ನು ಬ್ಯಾಂಕಿನ ಚಿನ್ನದ ಸಾಲಕ್ಕೆ ಬದಲಾಯಿಸಿ. ವರ್ಷಕ್ಕೆ ಶೇ. 9.5 ಅಂದರೆ ತಿಂಗಳ ಬಡ್ಡಿ 665. ಅದೇ 4,200 ಕಟ್ಟಿದರೆ 22 ತಿಂಗಳಿಗೆ ತೀರುತ್ತೆ, ಒಟ್ಟು ಸುಮಾರು 91,800. ಎರಡರ ನಡುವೆ ಹತ್ತಿರ ಹತ್ತಿರ 1 ಲಕ್ಷದ ವ್ಯತ್ಯಾಸ. ಬೀರುವಿನಲ್ಲಿ ಒಡವೆ ಇಟ್ಟುಕೊಂಡು ಕಾರ್ಡಿಗೆ ವರ್ಷಕ್ಕೆ ಶೇ. 43 ಬಡ್ಡಿ ಕಟ್ಟೋದು ಸರಿಯಲ್ಲ.

ತಿಂಗಳ_ಕೊನೆ:

ಒಡವೆ ಅಡ ಇಡೋದು ಅಂದರೆ ಮನೆಯಲ್ಲಿ ಒಪ್ಪಲ್ಲ ಸರ್. ಹೋದ ಒಡವೆ ವಾಪಸ್ ಬರಲ್ಲ ಅನ್ನೋ ಭಯ. ಮತ್ತೆ ಎಲ್ಲಿ ಇಡಬೇಕು, ಯಾವ ಥರದ ಸಾಲ ಕೇಳಬೇಕು?

ಹುಬ್ಬಳ್ಳಿ_ಕೌಂಟರ್:

ಭಯ ಸುಳ್ಳಲ್ಲರೀ. ಒಡವಿ ಹೋಗೋದು ಯಾವಾಗ ಅಂದ್ರ ಕಂತಿಲ್ಲದ ಸಾಲ ತಗೊಂಡು ವರ್ಷಗಟ್ಟಲೆ ಸುಮ್ನ ಕೂತಾಗ. ಬ್ಯಾಂಕಿನ್ಯಾಗ ಮೂರು ಥರ ಕೊಡ್ತಾರ. ಒಂದು, ತಿಂಗಳ ಕಂತಿನದು. ಎರಡು, ಓವರ್‌ಡ್ರಾಫ್ಟ್, ಅಂದ್ರ ಮಿತಿಯೊಳಗ ಬೇಕಾದಾಗ ತಗದು ಬೇಕಾದಾಗ ತುಂಬೋದು. ಮೂರು, ವರ್ಷದ ಕೊನೀಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟೋದು. ಈ ಮೂರನೇದರಾಗ 84,000 ತಗೊಂಡು ಏನೂ ಕಟ್ಟಲಿಲ್ಲ ಅಂದ್ರ ವರ್ಷಕ್ಕ 91,980 ಒಂದೇ ಸಲಕ್ಕ ತರಬೇಕು. ಸಂಬಳದವರ ಕೈಯಾಗ ಅಷ್ಟು ಎಲ್ಲಿ ಇರ್ತದ? ಬಡ್ಡಿ ಅಷ್ಟೇ ಕಟ್ಟಿ ನವೀಕರಣ ಮಾಡಿಸ್ತಾರ, ಮುಂದಿನ ವರ್ಷ ಮತ್ತ ಅದ. ಒಡವಿ ಸಿಕ್ಕಿಬೀಳೋದು ಹಿಂಗ.

ಒಟ್ಟಿಗೆ ಕಟ್ಟೋ ಸಾಲ ತಗೊಂಡ್ರೂ ನಡುವ ತಿಂಗಳಿಗೊಮ್ಮೆ ಒಂದಿಷ್ಟು ತುಂಬಬಹುದು. ತಗೊಳ್ಳೂ ಮೊದಲ ಕೌಂಟರ್‌ನ್ಯಾಗ ಎರಡು ಪ್ರಶ್ನೆ ಕೇಳ್ರಿ: ನಡುವ ಎಷ್ಟು ಸಲ ತುಂಬಬಹುದು, ತುಂಬಿದ್ದು ಮೊದಲು ಬಡ್ಡಿಗೆ ಹೋಗಿ ಉಳಿದದ್ದು ಅವತ್ತಿಂದನ ಅಸಲಿನ್ಯಾಗ ಇಳೀತದೇನು. ರಸೀದಿ ತಪ್ಪದ ಇಟ್ಕೋರಿ.

ತೂಕ ಮಾಡುವಾಗ ಎದುರಿಗೆ ನಿಂದ್ರಿ. ಹರಳು, ಅರಗು ಕಳೆದು ನಿವ್ವಳ ತೂಕಕ್ಕ ಬೆಲೆ ಕಟ್ತಾರ. ಚೀಟಿಯೊಳಗ ಒಂದೊಂದು ಒಡವಿಯ ತೂಕ, ಕ್ಯಾರೆಟ್, ಬೆಲೆ ಬರೆದಿರಬೇಕು. ರಿಸರ್ವ್ ಬ್ಯಾಂಕ್ 2025ರ ಜೂನ್‌ನ್ಯಾಗ ಹೊರಡಿಸಿದ ನಿಯಮ 2026ರ ಏಪ್ರಿಲ್ 1ರಿಂದ ಜಾರಿ: ಎರಡೂವರೆ ಲಕ್ಷದ ತನಕದ ಸಾಲಕ್ಕ ಚಿನ್ನದ ಬೆಲೆಯ ಶೇ. 85ರ ತನಕ, 5 ಲಕ್ಷದ ತನಕ ಶೇ. 80, ಅದರ ಮ್ಯಾಲ ಶೇ. 75. ಸಾಲ ತೀರಿದ ದಿನಾನ ಒಡವಿ ಕೊಡಬೇಕು, ಹೆಚ್ಚಂದ್ರ 7 ಕೆಲಸದ ದಿನ. ತಡ ಅವರ ಕಡೆಯಿಂದ ಆದ್ರ ದಿನಕ್ಕ 5,000 ಕೊಡಬೇಕು. ಶೇ. 85 ಕೊಡ್ತಾರಂತ ಅಷ್ಟೂ ತಗೋಬ್ಯಾಡ್ರಿ. ಎಷ್ಟು ಬೇಕೋ ಅಷ್ಟ ಒಡವಿ ಇಡ್ರಿ.

ಬಡ್ಡಿ ಬ್ಯಾಂಕಿನ್ಯಾಗ 9-10ರ ಆಸುಪಾಸು. ಖಾಸಗಿ ಹಣಕಾಸು ಕಂಪನಿಯೊಳಗ ಸ್ಕೀಮ್ ನೋಡಿ ಶೇ. 20 ದಾಟೋದೂ ಉಂಟು. ಅಲ್ಲಿ ಮೊದಲಿನ ಬಡ್ಡಿ ಕಡಿಮಿ ಹೇಳಿ, ತಿಂಗಳ ಬಡ್ಡಿ ತಪ್ಪಿದ್ರ ಮ್ಯಾಲಿನ ದರಕ್ಕ ಹಾರಿಸೋ ಸ್ಕೀಮ್ ಇರ್ತಾವ. ಆ ಸಾಲು ಹುಡುಕಿ ಓದ್ರಿ.

ಲೆಕ್ಕದ_ಪುಸ್ತಕ:

ಚಿನ್ನದ ಸಾಲದ ಇನ್ನೊಂದು ಅನುಕೂಲ ಇದೆ, ಅದರಿಂದಲೇ ತಿಂಗಳು ಸರಿಹೋಗುತ್ತೆ. ವರ್ಷದ ಕೊನೆಗೆ ಕಟ್ಟುವ, ಆದರೆ ನಡುವೆ ತುಂಬಲು ಬಿಡುವ ಸಾಲ ತಗೊಂಡು, ಮೊದಲ ಮೂರು ತಿಂಗಳು, ಅಂದರೆ ಆ್ಯಪ್ ಸಾಲ ಮುಗಿಯುವವರೆಗೆ, ಬಡ್ಡಿ 665 ಮಾತ್ರ ತುಂಬಿ. ತಿಂಗಳ ಖರ್ಚು 52,530ರಿಂದ 48,995ಕ್ಕೆ ಇಳಿಯುತ್ತೆ. 3,005 ಉಳಿತು. ಮೂರು ತಿಂಗಳಿಗೆ 9,015, ಅದನ್ನು ಮುಟ್ಟಬೇಡಿ, ತುರ್ತಿಗೆ ಇರಲಿ.

ನಾಲ್ಕನೇ ತಿಂಗಳು ಆ್ಯಪ್ ಸಾಲದ 7,400 ಬಿಡುಗಡೆ. ಕೈಯಲ್ಲಿ 10,405. ಅದರಲ್ಲಿ 7,408 ವರ್ಷದ ಖರ್ಚಿನ ಗಂಟಿಗೆ, ಉಳಿದ 2,997 ಮತ್ತು ಬಡ್ಡಿಯ 665 ಸೇರಿ 3,662 ಚಿನ್ನದ ಸಾಲಕ್ಕೆ. ಹತ್ತನೇ ತಿಂಗಳು ಬೈಕ್ ಕಂತಿನ 3,150 ಕೂಡ ಸೇರಿ 6,812. ಹೀಗೆ ನಡೆದರೆ ಹತ್ತಿರಹತ್ತಿರ 20 ತಿಂಗಳಿಗೆ ಒಡವೆ ಮನೆಗೆ ಬರುತ್ತೆ. ನಡುವೆ ಒಂದು ಸಲ, 12ನೇ ತಿಂಗಳಲ್ಲಿ, ನವೀಕರಣ ಮಾಡಿಸಬೇಕಾಗುತ್ತೆ. ಆ ಹೊತ್ತಿಗೆ ಬಾಕಿ 50,000ದ ಆಸುಪಾಸಿಗೆ ಇಳಿದಿರುತ್ತೆ. ಅಷ್ಟಕ್ಕೆ ಬೇಕಾದ ಒಡವೆ ಮಾತ್ರ ಬಿಟ್ಟು ಉಳಿದದ್ದನ್ನು ಆಗಲೇ ಬಿಡಿಸಿಕೊಳ್ಳಿ.

ಕರಾವಳಿ_ಖಾತೆ:

ಒಂದು ಭಿನ್ನಾಭಿಪ್ರಾಯ. ಸಾಲ ಇರುವಾಗ ತಿಂಗಳಿಗೆ 7,408 ಕೂಡಿಡುವುದು ತಪ್ಪಲ್ಲವೇ? ಕೂಡಿಟ್ಟ ಹಣಕ್ಕೆ ಶೇ. 6-7 ಬಡ್ಡಿ ಬರುತ್ತದೆ, ಸಾಲಕ್ಕೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಗಣಿತ ನೋಡಿದರೆ ಎಲ್ಲವನ್ನೂ ಸಾಲಕ್ಕೆ ಸುರಿಯಬೇಕು.

ಪಾಸ್‌ಬುಕ್:

ಗಣಿತ ಸರಿ ಇದೆ. ಆದರೆ ಜೂನ್ ಬಂದಾಗ ಶಾಲೆಗೆ 36,000 ಎಲ್ಲಿಂದ ತರ್ತಾರೆ? ಕಾರ್ಡೇ ಗತಿ. ಆಗ 9.5ರ ಸಾಲ ತೀರಿಸೋಕೆ ಹೋಗಿ 43ರ ಸಾಲ ಮಾಡಿದ ಹಾಗಾಯ್ತು. ನಾನು ಹೇಳೋ ಅಳತೆ ಇದು: ಉಳಿದಿರುವ ಸಾಲ ಕಾರ್ಡಿನದ್ದೋ ಆ್ಯಪ್‌ದ್ದೋ ಆಗಿದ್ದರೆ ಮೊದಲು ಅದಕ್ಕೆ, ಮುಂದಿನ ಮೂರು ತಿಂಗಳೊಳಗೆ ಬರುವ ವರ್ಷದ ಖರ್ಚು ಮಾತ್ರ ಪಕ್ಕಕ್ಕಿಡಿ. ಸಾಲ ಚಿನ್ನ ಅಥವಾ ಮನೆಯದ್ದಾಗಿದ್ದರೆ ವರ್ಷದ ಗಂಟು ಮೊದಲು.

ಗಂಟು ಕಟ್ಟೋಕೆ ಬ್ಯಾಂಕಿನ 12 ತಿಂಗಳ ಆರ್‌ಡಿ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿ, ಸಾಕು. ಶಾಲೆಗೆ ಅಂತ ಒಂದನ್ನು ಬೇರೆಯೇ ಮಾಡಿ: ಮೇ ಮೊದಲ ವಾರಕ್ಕೆ ಮುಗಿಯುವಂತೆ ಹಿಂದಿನ ಮೇಯಲ್ಲಿ ಶುರು ಮಾಡಿದ 3,000ದ ಆರ್‌ಡಿ, 36,000 ಮತ್ತು ಮೇಲೆ ಬಡ್ಡಿ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು, ಈ ಕೆಲಸಕ್ಕೆ ಬರಲ್ಲ. ಸ್ವಂತ ಮನೆ ಇದ್ದವರು ಆಸ್ತಿ ತೆರಿಗೆಗೂ ಒಂದು ಪಾಲು ಇಡಿ, ಏಪ್ರಿಲ್‌ನಲ್ಲಿ ಒಂದೇ ಸಲ ಕಟ್ಟಿದರೆ ಶೇ. 5 ರಿಯಾಯಿತಿ ಇರುತ್ತೆ.

ತಿಂಗಳ_ಕೊನೆ:

ಆರ್‌ಡಿ ಬದಲು ಚೀಟಿ ಹಾಕಿದರೆ? ಬೇಕಾದಾಗ ಕೂಗಿ ಎತ್ತಬಹುದಲ್ಲ.

ಹುಬ್ಬಳ್ಳಿ_ಕೌಂಟರ್:

ಬೇಕಾದ ತಿಂಗಳ ನಿಮಗ ಸಿಗ್ತದ ಅನ್ನೋ ಖಾತ್ರಿ ಇಲ್ಲರೀ. ಮೇ ತಿಂಗಳಾಗ ಎಲ್ಲಾರಿಗೂ ಶಾಲಿ ಫೀಸಿಗೆ ರೊಕ್ಕ ಬೇಕಿರ್ತದ, ಕೂಗು ಏರ್ತದ, ಕಳಕೊಳ್ಳೋ ಪಾಲು ದೊಡ್ಡದಾಗ್ತದ. ಚೀಟಿ ಹಾಕೋದಾದ್ರ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಆದದ್ದು ಹಾಕ್ರಿ, ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್‌ದೂ ಐತಿ. ನಡೆಸೋರ ಕಮಿಷನ್ ಶೇ. 7ರ ಮ್ಯಾಲ ಇರಬಾರದು. ಓಣಿಯೊಳಗಿನ ನೋಟ್‌ಬುಕ್ ಚೀಟಿಗೆ ತಾರೀಖು ಕಟ್ಟಿದ ರೊಕ್ಕ ಹಾಕಬ್ಯಾಡ್ರಿ.

ನ್ಯಾಚ್_ನೋಡಿ:

ಯಾರೂ ಇನ್ನೂ ತಾರೀಖಿನ ಮಾತೆತ್ತಿಲ್ಲ. ಈ ಮನೆಯವರ ನಿದ್ದೆ ಕೆಡಿಸುತ್ತಿರೋದು ಅರ್ಧ ಮೊತ್ತ, ಅರ್ಧ ತಾರೀಖು. ಸಂಬಳ 1ಕ್ಕೆ. ಕಂತು 3, 5, 10. ಕಾರ್ಡ್ 18. ತಿಂಗಳಿಗೆ ನಾಲ್ಕು ಸಲ "ಖಾತೆಯಲ್ಲಿ ಇದೆಯಾ?" ಅನ್ನೋ ಆತಂಕ.

ಕಂತು ಖಾತೆಯಿಂದ ತಾನಾಗಿ ಹೋಗೋ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತೆ. ಭಾನುವಾರ ರಜೆ, ಸೋಮವಾರ ಹಾಕಿದರಾಯ್ತು ಅನ್ನೋ ಲೆಕ್ಕ ಈಗ ನಡೆಯಲ್ಲ. ಕಡಿತ ಸಾಮಾನ್ಯವಾಗಿ ಬೆಳಗಿನ ಹೊತ್ತೇ ಆಗೋದರಿಂದ ಹಣ ಹಿಂದಿನ ಸಂಜೆಗೇ ಖಾತೆಯಲ್ಲಿ ಇರಬೇಕು. 5ನೇ ತಾರೀಖು ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಕಿದ ಹಣ ಅವತ್ತಿನ ಕಂತಿಗೆ ತಡ. ಬೌನ್ಸ್ ಆದರೆ ಬ್ಯಾಂಕು 250ರಿಂದ 500 ಹಾಕುತ್ತೆ, ಮೇಲೆ ಜಿಎಸ್‌ಟಿ. ಸಾಲ ಕೊಟ್ಟವರು ಬೇರೆ ಹಾಕ್ತಾರೆ. ಎರಡೂ ಸೇರಿ ಒಂದು ಕಂತು ತಪ್ಪಿದ್ದಕ್ಕೆ ಸಾವಿರದ ಹತ್ತಿರ. ಅದೇ ತಿಂಗಳು ಎರಡನೇ ಸಲ ಕಳಿಸಿ ಮತ್ತೆ ಬೌನ್ಸ್ ಆದರೆ ಇನ್ನೊಂದು ಸಾವಿರ. ಹಣ ಇಲ್ಲದೆ ಮರಳಿದ ಆಟೋ ಡೆಬಿಟ್‌ಗೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಕೆಳಗೆ ಚೆಕ್ ಬೌನ್ಸ್ ಥರವೇ ಕೇಸು ಹಾಕಬಹುದು ಅನ್ನೋದೂ ತಿಳಿದಿರಲಿ.

ಮಾಡಬೇಕಾದ್ದು: ಕಂತಿಗೆಂದೇ ಬೇರೆ ಖಾತೆ. ಎಸ್‌ಬಿಐ 2020ರಿಂದ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಉಳಿತಾಯ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ದಂಡ ಹಾಕ್ತಿಲ್ಲ, ಇಂಥ ಖಾತೆ ಸಾಕು. ಅದಕ್ಕೆ ಯುಪಿಐ ಜೋಡಿಸಬೇಡಿ, ಎಟಿಎಂ ಕಾರ್ಡನ್ನು ಪರ್ಸಲ್ಲಿ ಇಟ್ಟುಕೊಳ್ಳಬೇಡಿ. ಸಂಬಳ ಬಂದ ದಿನವೇ ತಿಂಗಳ ಎಲ್ಲ ಕಂತಿನ ಮೊತ್ತ ಅಲ್ಲಿಗೆ. ಹಳೇ ಮ್ಯಾಂಡೇಟನ್ನು, ಅಂದರೆ ಕಂತು ಕಡಿತಕ್ಕೆ ಕೊಟ್ಟ ಒಪ್ಪಿಗೆಯನ್ನು, ಹೊಸ ಖಾತೆಗೆ ಬದಲಿಸೋಕೆ ಸಾಲ ಕೊಟ್ಟವರಿಗೆ ಅರ್ಜಿ ಕೊಡಬೇಕು, ಜಾರಿಗೆ ಬರೋಕೆ ಒಂದು ಕಂತು ದಾಟಬಹುದು. ಬದಲಾಗಿದೆ ಅಂತ ಲಿಖಿತವಾಗಿ ಬರುವವರೆಗೆ ಹಳೇ ಖಾತೆಯಲ್ಲೂ ಆ ಕಂತಿನ ಹಣ ಇಡಿ. ಜನ ಎಡವೋದು ಇಲ್ಲೇ.

ಕಾರ್ಡ್ ಬಿಲ್ಲಿನ ದಿನಾಂಕ ಬದಲಿಸಿಕೊಡಿ ಅಂತ ಕಸ್ಟಮರ್ ಕೇರ್‌ಗೆ ಕೇಳುವ ಅವಕಾಶ ಇದೆ. ಸಂಬಳವಾದ ನಾಲ್ಕೈದು ದಿನಕ್ಕೆ ಡ್ಯೂ ಬರುವಂತೆ ಮಾಡಿಕೊಳ್ಳಿ.

ದಿನಸಿಯ 14,000ವನ್ನು ಒಟ್ಟಿಗೆ ಬಿಡಬೇಡಿ. ಯುಪಿಐ ಜೋಡಿಸಿದ ಖಾತೆಗೆ ಪ್ರತಿ ಶನಿವಾರ 3,200 ಹಾಕಿ, ನಾಲ್ಕು ವಾರಕ್ಕೆ 12,800. ಉಳಿದ 1,200 ಕೊನೆಯ ಎರಡು ಮೂರು ದಿನಕ್ಕೆ. ತಿಂಗಳು ಕೆಡೋದು 29, 30, 31ರಲ್ಲೇ.

ಮಲೆನಾಡು_ಅಡಿಕೆ:

ಇದೆಲ್ಲ ಸಂಬಳದವರಿಗೆ ಸರಿ. ಶಿರಸಿ, ಸಾಗರದ ಕಡೆ ಅಡಿಕೆ ಮಾರಿದಾಗ ವರ್ಷದ ಹಣ ಒಂದೆರಡು ಸಲಕ್ಕೆ ಬರ್ತದೆ. ಆಟೋದವರಿಗೆ, ಹೊಲಿಗೆಯವರಿಗೆ ದಿನದ ಗಳಿಕೆ. ಅವರಿಗೆ ಹೇಗೆ?

ಕರಾವಳಿ_ಖಾತೆ:

ದಿನದ ಗಳಿಕೆಯವರಿಗೆ ನಮ್ಮ ಕಡೆಯದ್ದೇ ಉತ್ತರ ಇದೆ, ಪಿಗ್ಮಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಯೋಜನೆ, ಏಜೆಂಟರು ಅಂಗಡಿ ಬಾಗಿಲಿಗೆ ಬಂದು ಆಣೆಗಳಲ್ಲಿ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಎನ್ನುವ ಹೆಸರು ಸಹಕಾರಿ ಸಂಘಗಳಲ್ಲೆಲ್ಲ ಉಳಿದಿದೆ. ತಿಂಗಳಿಗೆ 3,150ರ ಕಂತು ಇದ್ದರೆ 25 ದುಡಿಮೆ ದಿನದಿಂದ ಭಾಗಿಸಿ: ದಿನಕ್ಕೆ 126, ಅಂದಾಜು 130. ಕಂತಿಗೆಂದು ಕಟ್ಟುವ ಈ 130 ಉಳಿತಾಯ ಖಾತೆಗೇ ಹೋಗಲಿ, ಪಿಗ್ಮಿಯನ್ನು ಶಾಲೆ, ವಿಮೆಗಳಿಗೆ ಇಟ್ಟುಕೊಳ್ಳಿ. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಇಲ್ಲ, ಕೆಲವು ಕಡೆ ಕಮಿಷನ್ ಕೂಡ ಕಡಿಯುತ್ತಾರೆ.

ಎಲ್ಲಿ ಕಟ್ಟುತ್ತೀರಿ ಎನ್ನುವುದು ಮುಖ್ಯ. ಬ್ಯಾಂಕ್ ಮತ್ತು ಸಹಕಾರಿ ಬ್ಯಾಂಕ್‌ಗಳಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ "ಬ್ಯಾಂಕ್" ಇದೆಯೇ, "ಸಂಘ" ಎಂದಿದೆಯೇ ನೋಡಿ. ಏಜೆಂಟರಿಗೆ ಕೊಟ್ಟ ದಿನವೇ ಮೊಬೈಲ್‌ಗೆ ಸಂದೇಶವೋ ಮುದ್ರಿತ ಚೀಟಿಯೋ ಬರಬೇಕು. ವಾರಕ್ಕೊಮ್ಮೆ ಒಟ್ಟಿಗೆ ಬರೆದುಕೊಡುತ್ತೇನೆ ಎಂದರೆ ಒಪ್ಪಬೇಡಿ.

ಅಡಿಕೆಯವರಿಗೆ ಕ್ರಮ ತಿರುಗುಮುರುಗು. ಮಾರಿದ ಹಣ ಬಂದ ದಿನ ಮೊದಲು ಬೆಳೆಸಾಲ ತೀರಿಸಿ. ಸಹಕಾರ ಸಂಘದ ಶೂನ್ಯ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ಗಡುವು ದಾಟಿದರೆ ಸಹಾಯಧನ ತಪ್ಪಿ ಪೂರ್ತಿ ಬಡ್ಡಿ ಬೀಳುತ್ತದೆ. ಉಳಿದದ್ದನ್ನು ಹನ್ನೆರಡು ಪಾಲು ಮಾಡಿ, ಹನ್ನೊಂದನ್ನು ಠೇವಣಿಯಲ್ಲಿಟ್ಟು ತಿಂಗಳಿಗೊಂದು ಪಾಲು ತಮಗೆ ತಾವೇ ಸಂಬಳ ಹಾಕಿಕೊಳ್ಳುವುದು. ಕೊಳೆರೋಗದ ವರ್ಷ, ದರ ಬಿದ್ದ ವರ್ಷ ಎಂದು ಪಾಲುಗಳನ್ನು 14-15 ಮಾಡುವವರು ಹೆಚ್ಚು ನೆಮ್ಮದಿಯಲ್ಲಿರುತ್ತಾರೆ.

ತಿಂಗಳ_ಕೊನೆ:

ಆ್ಯಪ್ ಸಾಲದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. "ತಿಂಗಳಿಗೆ ಮೂರೂವರೆ ಪರ್ಸೆಂಟ್" ಅಂತ ಹಾಕಿರ್ತಾರಲ್ಲ, ಕಾರ್ಡಿನಷ್ಟೇ ಆಯ್ತಲ್ವಾ? ಮತ್ತೆ ಒಂದು ದಿನ ತಡವಾದರೆ ಫೋನ್ ಮೇಲೆ ಫೋನ್.

ಕಾನೂನು_ಕಟ್ಟೆ:

ಮೊದಲು ಬಡ್ಡಿ. ಸಾಲ 20,000 ಎಂದಿರುತ್ತದೆ, ಪ್ರೊಸೆಸಿಂಗ್ ಫೀ 1,800 ಮುರಿದು ಕೈಗೆ 18,200 ಬರುತ್ತದೆ. ವಾಪಸ್ ಮೂರು ಕಂತು, ತಲಾ 7,400, ಒಟ್ಟು 22,200. 2,200 ಬಡ್ಡಿಯನ್ನು 20,000ಕ್ಕೆ ಮೂರು ತಿಂಗಳಿಗೆ ಹಂಚಿ ಶೇ. 3.67 ಎಂದು ತೋರಿಸುತ್ತಾರೆ. ಆದರೆ ಅಸಲು ಪ್ರತಿ ತಿಂಗಳೂ ಇಳಿಯುತ್ತಿರುತ್ತದೆ, ಕೈಗೆ ಬಂದದ್ದೂ 18,200 ಮಾತ್ರ. ಸರಿಯಾಗಿ ಲೆಕ್ಕ ಹಾಕಿದರೆ ತಿಂಗಳಿಗೆ ಶೇ. 10.6, ವರ್ಷಕ್ಕೆ ಸುಮಾರು 128. ಈ ವಾರ್ಷಿಕ ದರ ಎಲ್ಲ ಶುಲ್ಕ ಸೇರಿ ಎಷ್ಟು ಎಂದು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆಯಲ್ಲಿ ಕೊಡಲೇಬೇಕು. 2024ರ ಅಕ್ಟೋಬರ್ 1ರಿಂದ ಎಲ್ಲ ಚಿಲ್ಲರೆ ಸಾಲಕ್ಕೂ ಇದು ಕಡ್ಡಾಯ. ಆ್ಯಪ್ ಸಾಲ ತೆಗೆದುಕೊಂಡ ಮೇಲೆ ಕನಿಷ್ಠ ಒಂದು ದಿನದ ಅವಧಿಯೊಳಗೆ ಅಸಲು ಮತ್ತು ಅಷ್ಟು ಹೊತ್ತಿನ ಬಡ್ಡಿ ಕೊಟ್ಟು ದಂಡವಿಲ್ಲದೆ ಹಿಂದಿರುಗಿಸುವ ಹಕ್ಕೂ ಇದೆ.

ಅಸಲಿಯೋ ನಕಲಿಯೋ ತಿಳಿಯಲು: ಹಣ ನೋಂದಾಯಿತ ಸಂಸ್ಥೆಯ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು, ನೀವು ಕಟ್ಟುವುದೂ ನೇರ ಅವರ ಖಾತೆಗೆ. ಫೋನಿನ ಸಂಪರ್ಕ ಪಟ್ಟಿ, ಫೋಟೊ, ಕರೆ ದಾಖಲೆ ಕೇಳುವಂತಿಲ್ಲ. ಕೇಳಿದರೆ ಅಲ್ಲೇ ನಿಲ್ಲಿಸಿ. 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಆ್ಯಪ್‌ಗಳ ಪಟ್ಟಿ ಇದೆ, ಹೆಸರು ಅಕ್ಷರಕ್ಕಕ್ಷರ ತಾಳೆ ನೋಡಿ.

ಇನ್ನು ಫೋನು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬಂಧುಗಳಿಗೆ, ಕಚೇರಿಗೆ ಕರೆ ಮಾಡಿ ಮಾನ ಕಳೆಯುವಂತಿಲ್ಲ. ಮಾಡಿದರೆ ವಾದಕ್ಕೆ ಇಳಿಯಬೇಡಿ. ಸಂಖ್ಯೆ, ದಿನಾಂಕ, ಸಮಯ, ಆಡಿದ ಮಾತು ಬರೆದಿಡಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಸಂದೇಶ ಅಳಿಸಬೇಡಿ. ಮೊದಲ ದೂರು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್‌ನಲ್ಲಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಖರ್ಚಿಲ್ಲ. ಸಹಾಯವಾಣಿ 14448. ಫೋಟೊ ತಿದ್ದಿ ಬೆದರಿಸಿದರೆ 30 ದಿನ ಕಾಯುವುದು ಬೇಡ, 1930 ಸೈಬರ್ ಸಹಾಯವಾಣಿ. ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ 112. ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯಾಯಿತು, ಗರಿಷ್ಠ 10 ವರ್ಷ ಜೈಲು, 5 ಲಕ್ಷ ದಂಡದ ಅವಕಾಶ ಅದರಲ್ಲಿದೆ. ಠಾಣೆಯಲ್ಲಿ "ಇದು ನಿಮ್ಮಿಬ್ಬರ ವ್ಯವಹಾರ" ಎಂದರೆ ಅದನ್ನು ಉಲ್ಲೇಖಿಸಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಉಚಿತ ಕಾನೂನು ನೆರವಿಗೆ 15100.

ವಸೂಲಿಗೆ ಬಂದವರ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಆ ಹಣ ಸಾಲದ ಖಾತೆಗೆ ಜಮೆ ಆಯಿತೆಂದು ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಮಲೆನಾಡು_ಅಡಿಕೆ:

ಒಡವೆ ಇಲ್ಲದ ಮನೆ ಇರ್ತದಲ್ಲ. ಅವರಿಗೆ?

ಪಾಸ್‌ಬುಕ್:

ಕಾರ್ಡಿನ ಬಾಕಿಯನ್ನೇ ಕಂತಿಗೆ ಬದಲಿಸಿ ಅಂತ ಬ್ಯಾಂಕಿಗೆ ಕೇಳೋದು. 84,000, ಶೇ. 16, 24 ತಿಂಗಳು ಅಂದರೆ ಕಂತು 4,113. ಬಡ್ಡಿ ಭಾಗದ ಮೇಲೆ ಜಿಎಸ್‌ಟಿ ಬೇರೆ, ಮೊದಲ ತಿಂಗಳು 202. ಈಗ ಕಟ್ಟುತ್ತಿರುವ ಮಿನಿಮಮ್ ಡ್ಯೂಗೆ ಹತ್ತಿರದ ಮೊತ್ತವೇ, ಆದರೆ 46ರ ಬದಲು 24 ತಿಂಗಳಿಗೆ ತೀರುತ್ತೆ. ಪ್ರೊಸೆಸಿಂಗ್ ಫೀ ಎಷ್ಟು, ಮುಂಚೆ ಮುಗಿಸಿದರೆ ದಂಡ ಎಷ್ಟು ಕೇಳಿ.

ಎಲ್‌ಐಸಿ ಪಾಲಿಸಿ ಹಳೆಯದಿದ್ದರೆ ಅದರ ಮೇಲೆ ಸಾಲ, ಎಫ್‌ಡಿ ಇದ್ದರೆ ಅದರ ಮೇಲೆ, ನೌಕರರ ಸಹಕಾರ ಸಂಘದಲ್ಲಿ ಸದಸ್ಯರಿದ್ದರೆ ಅಲ್ಲಿ. ಇವು ಮೂರೂ ಕಾರ್ಡಿಗಿಂತ ಎಷ್ಟೋ ಅಗ್ಗ.

ಪರ್ಸನಲ್ ಲೋನ್ ಅವಧಿ ಹೆಚ್ಚಿಸೋದು ಕೊನೆಯ ದಾರಿ. 2,10,000ವನ್ನು 36ರಿಂದ 48 ತಿಂಗಳಿಗೆ ಎಳೆದರೆ ಕಂತು 7,280ರಿಂದ 5,844ಕ್ಕೆ ಇಳಿಯುತ್ತೆ, ಒಟ್ಟಾರೆ 18,400 ಹೆಚ್ಚು ಕಟ್ಟಿದ ಹಾಗೆ. ಇದನ್ನು ಕೇಳಬೇಕಾದ್ದು ಕಂತು ತಪ್ಪುವ ಮೊದಲು. ತಪ್ಪಿದ 30, 60, 90 ದಿನಕ್ಕೆ ಖಾತೆ ಹಂತಹಂತವಾಗಿ ಕೆಂಪು ಪಟ್ಟಿಗೆ ಹೋಗುತ್ತೆ, 90 ದಾಟಿದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚು ಇರಲ್ಲ. ಅರ್ಜಿಯಲ್ಲಿ ಖಾತೆ ಸಂಖ್ಯೆ, ಈಗಿನ ಕಂತು, ಕಟ್ಟಬಲ್ಲ ಕಂತು, ಕಾರಣ, ಮೂರು ತಿಂಗಳ ಸಂಬಳದ ಚೀಟಿ. ಅಳಲು ಒಂದು ಸಾಲು ಸಾಕು, ಕಟ್ಟಬಲ್ಲ ಮೊತ್ತ ಅಂಕಿಯಲ್ಲಿ ಇರಬೇಕು.

"ಸೆಟಲ್‌ಮೆಂಟ್ ಮಾಡ್ಕೊಳ್ಳಿ, ಅರ್ಧ ಕಟ್ಟಿ" ಅಂತ ಫೋನ್ ಬಂದರೆ ಒಂದು ತಿಳಿದಿರಲಿ: ನಮ್ಮ ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ಅದು ಮುಗಿದ ಸಾಲ ಅಂತ ಬರಲ್ಲ, ಸೆಟಲ್ಡ್ ಅಂತ ಬರುತ್ತೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅಡ್ಡ ಬರುತ್ತೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಅದೂ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆ.

ಮನಸ್ಸಿನ_ಲೆಕ್ಕ:

ಒತ್ತಡದ ಬಗ್ಗೆ ನಾಲ್ಕು ಮಾತು, ಇದೂ ಲೆಕ್ಕದ ಭಾಗವೇ. ಸಾಲ ಇರುವ ಮನೆಗಳಲ್ಲಿ ಹಣದ ಮಾತು ಬರೋದು ರಾತ್ರಿ ಹತ್ತರ ಮೇಲೆ, ಇಬ್ಬರೂ ದಣಿದಿರುವಾಗ. ಅದು ಜಗಳದಲ್ಲೇ ಮುಗಿಯುತ್ತೆ. ವಾರಕ್ಕೆ ಒಂದೇ ಸಲ, ಭಾನುವಾರ ತಿಂಡಿ ಆದ ಮೇಲೆ, ಅರ್ಧ ಗಂಟೆ ಕೂತು ಮುಂದಿನ ಹತ್ತು ದಿನದಲ್ಲಿ ಏನು ಕಟ್ಟಬೇಕು, ಖಾತೆಯಲ್ಲಿ ಎಷ್ಟಿದೆ, ಇಷ್ಟೇ ನೋಡಿ. ಉಳಿದ ದಿನ ಆ ಮಾತು ಬಂದರೆ "ಭಾನುವಾರಕ್ಕೆ ಬರೆದಿಡೋಣ" ಅನ್ನಿ. ದಿನಕ್ಕೆ ಹತ್ತು ಸಲ ಬ್ಯಾಲೆನ್ಸ್ ನೋಡೋ ಅಭ್ಯಾಸವೂ ಆಗ ತಾನಾಗಿ ಕಡಿಮೆ ಆಗುತ್ತೆ.

ಒಂದು ಹಾಳೆ ಮಾಡಿ ಬೀರುವಿನ ಬಾಗಿಲ ಒಳಗೆ ಅಂಟಿಸಿ: ಸಾಲ ಕೊಟ್ಟವರು, ಬಾಕಿ, ಕಂತು, ತಾರೀಖು, ಯಾವ ಖಾತೆಯಿಂದ, ಕಸ್ಟಮರ್ ಕೇರ್ ಸಂಖ್ಯೆ. ವಿಮೆಯ ಪಾಲಿಸಿ ಸಂಖ್ಯೆಗಳೂ ಅದರಲ್ಲೇ. ಹೆಂಡತಿಗೆ ಗೊತ್ತಿಲ್ಲದ ಸಾಲ, ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ, ಎರಡೂ ಆ ಹಾಳೆಗೆ ಬರಬೇಕು. ಮುಚ್ಚಿಟ್ಟ ಸಾಲ ಒಂದಿದ್ದರೂ ಮೇಲಿನ ಲೆಕ್ಕ ಯಾವುದೂ ನಿಲ್ಲಲ್ಲ, ಮುಚ್ಚಿಟ್ಟವರಿಗೆ ನಿದ್ದೆಯೂ ಇರಲ್ಲ.

ಯಾರದ್ದೋ ಸಾಲಕ್ಕೆ ಜಾಮೀನು ಹಾಕಿದ್ದರೆ ಅದನ್ನೂ ಬರೆಯಿರಿ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರಷ್ಟೇ.

ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಫೋನ್ ರಿಂಗಾದರೆ ಎದೆ ಹೊಡ್ಕೊಳ್ಳುತ್ತೆ ಅನ್ನುವ ಹಾಗಿದ್ದರೆ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸೇವೆ, ಹಗಲು ರಾತ್ರಿ ಸಿಗುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಸುಳಿದಿದ್ದರೂ ಎರಡು ವಾರ ಕಾಯಬೇಡಿ, ಈಗಲೇ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಸಾಲಕ್ಕೆ ಮೇಲೆ ಹೇಳಿದಷ್ಟು ದಾರಿಗಳಿವೆ, ನೀವು ಇರಬೇಕು ಅಷ್ಟೇ.

ಲೆಕ್ಕದ_ಪುಸ್ತಕ:

ಕಾರ್ಡ್ ತೀರಿಸಿದ ಮೇಲೆ ಜನ ಮತ್ತೆ ಸಿಕ್ಕಿಬೀಳುವ ಎರಡು ಜಾಗ ಹೇಳ್ತೀನಿ. ಬಿಲ್ ಬಂದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಆ ಬಿಲ್ಲಿನಲ್ಲಿ ಇರಲ್ಲ, ಮುಂದಿನ ಬಿಲ್ಲಿನಲ್ಲಿ ಬರುತ್ತೆ. 84,000 ಕಟ್ಟಿ ನಿರಾಳವಾಗಿ ಕೂತವರಿಗೆ ಸಾವಿರ, ಎರಡು ಸಾವಿರದ ಇನ್ನೊಂದು ಬಿಲ್. ನೋಡದೆ ಬಿಟ್ಟರೆ ಡ್ಯೂ ತಾರೀಖು ಕಳೆದು ಮೂರು ದಿನ ದಾಟಿದ ಮೇಲೆ ತಡಪಾವತಿ ದಂಡ, ಸಿಬಿಲ್‌ನಲ್ಲಿ ಗುರುತು. ಅದಕ್ಕೇ ಮುಂದಿನ ಎರಡು ಬಿಲ್ ಸೊನ್ನೆ ಆಗುವವರೆಗೆ ಕಾದು ನೋಡಿ. ಎರಡನೆಯದು, ಖಾಲಿಯಾದ ಕಾರ್ಡಿನ ಮಿತಿ. ಆ್ಯಪಲ್ಲೇ ಮಿತಿಯನ್ನು 10,000ಕ್ಕೆ ಇಳಿಸಿ, ಆನ್‌ಲೈನ್ ಬಳಕೆ ಆಫ್ ಮಾಡಿ. ಕೈ ತಡೆಯಲ್ಲ ಅನ್ನಿಸಿದರೆ ಮುಚ್ಚಿಸಿ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ನಿಮಗೆ ಕೊಡಬೇಕು ಅನ್ನೋ ನಿಯಮ ಇದೆ. ಮುಚ್ಚಿಸುವ ಮೊದಲು ಅದರ ಮೇಲೆ ಯಾವ ಚಂದಾ, ಯಾವ ಬಿಲ್ ಆಟೋ ಪೇ ಇದೆ ಅಂತ ನೋಡಿ ಬದಲಿಸಿಕೊಳ್ಳಿ.

ತಿಂಗಳ_ಕೊನೆ:

ಬೈಕ್ ಸಾಲ ಮುಗಿದ ಮೇಲೆ ಏನಾದರೂ ಮಾಡಬೇಕಾ, ಅಥವಾ ಕಂತು ನಿಂತರೆ ಮುಗೀತಾ?

ಹುಬ್ಬಳ್ಳಿ_ಕೌಂಟರ್:

ಮುಗಿಯೂದಿಲ್ಲರೀ. ಆರ್‌ಸಿಯೊಳಗ ಸಾಲ ಕೊಟ್ಟವರ ಹೆಸರು ಹಂಗ ಇರ್ತದ. ಕಂಪನಿಯಿಂದ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಮತ್ತ ಫಾರ್ಮ್ 35 (ಆರ್‌ಸಿಯಿಂದ ಅವರ ಹೆಸರು ತಗಸೋ ಅರ್ಜಿ) ತಗೋರಿ. ಎನ್‌ಒಸಿಗೆ ಸಾಮಾನ್ಯವಾಗಿ 90 ದಿನದ ಗಡುವು ಇರ್ತದ, ಅದರೊಳಗ ಆರ್‌ಟಿಒದಾಗ ಹೆಸರು ತಗಸ್ರಿ, ಪರಿವಾಹನ್ ಜಾಲತಾಣದಾಗೂ ಅರ್ಜಿ ಹಾಕಬಹುದು. ಆಮ್ಯಾಲ ವಿಮಾ ಕಂಪನಿಗೆ ಬರದು ಪಾಲಿಸಿಯೊಳಗಿನ ಹೆಸರೂ ತಗಸ್ರಿ, ಇಲ್ಲಂದ್ರ ಗಾಡಿ ಕಳುವಾದಾಗ ಕ್ಲೇಮ್ ರೊಕ್ಕಕ್ಕ ತಕರಾರು ಬರ್ತದ. ಬ್ಯಾಂಕಿನ್ಯಾಗ ನ್ಯಾಚ್ ಮ್ಯಾಂಡೇಟ್ ರದ್ದು ಮಾಡಸ್ರಿ. ಎರಡು ತಿಂಗಳ ಬಿಟ್ಟು ಸಿಬಿಲ್ ವರದಿ ತಗದು ನೋಡ್ರಿ, ವರ್ಷಕ್ಕ ಒಂದು ಪುಕ್ಕಟ ಸಿಗ್ತದ. ಸಾಲ ಇನ್ನೂ ಚಾಲ್ತಿ ಅಂತ ತೋರಿಸಿದ್ರ ಅಲ್ಲೇ ತಕರಾರು ಹಾಕ್ರಿ. 30 ದಿನದಾಗ ಸರಿ ಮಾಡಲಿಲ್ಲ ಅಂದ್ರ ಆಮೇಲಿನ ದಿನಕ್ಕ 100 ರೂಪಾಯಿ ನಿಮಗ ಬರಬೇಕು. ಮತ್ತ ಆ 3,150, ಕಂತು ನಿಂತ ತಿಂಗಳದಿಂದನ ಅದ ತಾರೀಖಿಗೆ ಚಿನ್ನದ ಸಾಲಕ್ಕ ಹೋಗೂವಂಗ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಬಿಡ್ರಿ.